ನೆಲಬೇವಿನ ಕಳ್ಳನನ್ನು ಹುಡುಕಿಕೊಂಡು

ಗುಲ್ಬರ್ಗಾದಿಂದ ಆಳಂದಕ್ಕೆ ಆಗ ಬಸ್ಸಿಗೆ ನಾಲ್ಕು ರೂಪಾಯಿ. ಎಂಬತ್ತರ ದಶಕದ ನಡುವಿನ ಒಂದು ಕಾರ್ತಿಕದಲ್ಲಿ, ರೊಟ್ಟಿ ಶೇಂಗಾಚಟ್ನಿಯ ಗಂಟು ಹಿಡಿದುಕೊಂಡು ನಾನು ಬೆಳಗಿನ ಮೊದಲ ಬಸ್ಸು ಹತ್ತಿದೆ. ಹೊರಟದ್ದು ಒಬ್ಬ ಕಳ್ಳನನ್ನು ಹಿಡಿಯಲು.

ನಾನು ಒಂದು ಸಣ್ಣ ಆಯುರ್ವೇದ ಔಷಧ ಕಾರ್ಖಾನೆಯಲ್ಲಿ ಕಚ್ಚಾ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದೆ. ಆ ವರ್ಷ ನಮ್ಮ ನೆಲಬೇವಿನ ಜ್ವರದ ಕಷಾಯ ಅಂಗಡಿಗಳಿಂದ ವಾಪಸ್ಸು ಬರತೊಡಗಿತ್ತು. ‘ಕಹಿಯೇ ಇಲ್ಲ, ಇದೆಂಥ ನೆಲಬೇವು?’ ಎಂದು ದೂರು. ಆ ಗಿಡದ ಗುಣವೆಲ್ಲ ಇರುವುದೇ ಕಹಿಯಲ್ಲಿ. ಯಾರೋ ಬೇರೆ ಸೊಪ್ಪು ಬೆರೆಸುತ್ತಿದ್ದಾರೆ ಎಂದು ಮಾಲೀಕರು ತೀರ್ಮಾನಿಸಿದ್ದರು. ಮಾಲು ಕಳಿಸುತ್ತಿದ್ದವರು ಮೂವರು. ಅವರಲ್ಲಿ ಯಾರೆಂದು ಗೊತ್ತಾದರೆ ಅವರಿಂದ ಖರೀದಿ ನಿಲ್ಲುವುದಿತ್ತು.

ಆಳಂದದಲ್ಲಿ ಇಳಿದು ಮಟಕಿ ಎಂಬ ಹಳ್ಳಿಗೆ ಹೋದೆ. ಅಲ್ಲಿ ಶರಣಪ್ಪ ಎಂಬ ರೈತ ಹೊಲದ ಬದುಗಳ ನೆಲಬೇವು ಕೊಯ್ದು ಒಣಗಿಸಿ ಕಳಿಸುತ್ತಿದ್ದ. ಊರ ಅಗಸಿಯ, ಅಂದರೆ ಊರಬಾಗಿಲಿನ, ಕಟ್ಟೆಯ ಮೇಲೆ ಅವನ ಮೂಟೆಗಳಿದ್ದವು. ಜನ ನೋಡುತ್ತಿದ್ದಂತೆಯೇ ಒಂದನ್ನು ಬಿಚ್ಚಿ ಸುರುವಿ, ಒಂದೊಂದೇ ಕಡ್ಡಿ ಬೇರೆ ಮಾಡಿ ನೋಡಿದೆ. ಬೇರೆ ಗಿಡ ಸಿಗಲಿಲ್ಲ. ಆದರೆ ಎಲೆ ಕಡಿಮೆ. ಕಡ್ಡಿ, ಒಡೆದ ಕಾಯಿಗಳೇ ಹೆಚ್ಚು. ಅಗಿದರೆ ಕಹಿ ನಾಲಿಗೆಯ ತುದಿಗೆ ಮುಟ್ಟಿ ಹೋಗುತ್ತಿತ್ತು.

“ನಮ್ಮ ಮ್ಯಾಲ ಶಕ್ ಬಂತೇನ್ರಿ ಅಕ್ಕೋರ?” ಎಂದು ಶರಣಪ್ಪ ಕೇಳಿದ.

“ಇದನ್ನು ಮೊದಲೇ ಕುದಿಸಿ ರಸ ತೆಗೆದು, ಆಮೇಲೆ ಒಣಗಿಸಿದ್ದೀರಾ?”

ಅವನ ಮುಖ ಕಪ್ಪಿಟ್ಟಿತು. “ನೀವು ಹೇಳಿದಂಗ ಮಾಡೀನ್ರಿ. ಇನ್ನೇನು ಹೇಳ್ಲಿ?”

ಜಾರಿಕೊಳ್ಳುವ ಮಾತು ಎನಿಸಿತು. ಅವನ ಅಂಗಳದಲ್ಲಿ ಮಸಿ ಹಿಡಿದ ದೊಡ್ಡ ಹಂಡೆ ಕಂಡಾಗಲಂತೂ ನನ್ನ ಅನುಮಾನ ಗಟ್ಟಿಯಾಯಿತು. ಎಮ್ಮೆಗೆ ಹತ್ತಿಕಾಳು ಬೇಯಿಸುವ ಹಂಡೆ ಎಂದು ಅವನ ಹೆಂಡತಿ ಹೇಳಿದಳು. ನಾನು ನಂಬಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಗೆರೆ ಎಳೆದೆ.

ಆ ರಾತ್ರಿ ಆಳಂದದ ಪರಿಚಿತರ ಮನೆಯಲ್ಲಿ ಮಲಗಿ, ಮರುದಿನ ಅಫಜಲಪುರಕ್ಕೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿಂದ ನಮಗೆ ಮಾಲು ಕಳಿಸುತ್ತಿದ್ದ ಗಿಡಮೂಲಿಕೆ ವ್ಯಾಪಾರಿ ಚಹಾ ತರಿಸಿ, ನಾನು ಕೇಳುವ ಮೊದಲೇ, “ಖರೆ ಹೇಳ್ತೇನಿ, ಆಳಂದ ಕಡಿಂದು ಮಾಲ ಚಲೋ ಇರಂಗಿಲ್ರಿ” ಎಂದ. ಅಷ್ಟು ಮುತುವರ್ಜಿ ಕಂಡು ಅವನ ಮೇಲೂ ಸಂಶಯ ಬಂತು. ಅವನ ಮೂಟೆಯಲ್ಲೂ ಅದೇ ಕಡ್ಡಿ, ಅದೇ ಕಾಯಿ, ಅದೇ ಸಪ್ಪೆ.

ಮೂರನೆಯ ದಿನ ಭೀಮಾ ನದಿ ದಾಟಿ ಜೇವರ್ಗಿ ಸೇರಿದೆ. ಅಲ್ಲಿ ಮಾಲು ಕಳಿಸುತ್ತಿದ್ದವಳು ನಾಗಮ್ಮ, ಅರವತ್ತು ದಾಟಿದ ಹೆಂಗಸು. ನಾನು ಅವಳ ಮೂಟೆಗೆ ಕೈ ಹಾಕಿದ್ದೇ ತಡ, “ಅದು ನಿಮಗ ಕಳಸೂದು, ಬಿಡ್ರಿ. ಇದು ನೋಡ್ರಿ” ಎಂದು ಬೇವಿನ ಮರದ ನೆರಳಿಗೆ ಕರೆದೊಯ್ದಳು. ಅಲ್ಲಿ ತಡವಾಗಿ ಹುಟ್ಟಿದ ನೆಲಬೇವು ಇನ್ನೂ ಮೊಗ್ಗಿನಲ್ಲಿತ್ತು. ಒಂದು ಎಲೆ ಅಗಿದೆ. ಗಂಟಲವರೆಗೂ ಕಹಿ ಇಳಿದು ಕಣ್ಣಲ್ಲಿ ನೀರು ಬಂತು.

“ಮೊಗ್ಗಿ ಬಿಡೂ ಹೊತ್ತಿಗಿ ಕೊಯ್ಯಬೇಕ್ರಿ. ಬೀಜ ಕಟ್ಟಿತಂದ್ರ ಎಲಿ ಉದುರ್ತದ, ಕಡ್ಡಿ ಉಳೀತದ. ಕಡ್ಡ್ಯಾಗ ಏನದ?”

“ಗೊತ್ತಿದ್ದೂ ಬಲಿತದ್ದನ್ನೇ ಯಾಕೆ ಕಳಿಸಿದಿರಿ?”

ಅವಳು ಒಳಗೆ ಹೋಗಿ ಒಂದು ಕಾಗದ ತಂದುಕೊಟ್ಟಳು. ಕಾರ್ಖಾನೆಯ ಕಾಗದ. ಹಿಂದಿನ ವರ್ಷ ಹಸಿ ಮಾಲಿಗೆ ಬೂಷ್ಟು ಹಿಡಿದಿತ್ತು. ಆದ್ದರಿಂದ ಇನ್ನು ಮುಂದೆ ಪೂರ್ತಿ ಬಲಿತು, ಗಿಡದಲ್ಲೇ ಒಣಗಿದ ಮಾಲನ್ನು ಮಾತ್ರ ಕಳಿಸಬೇಕು ಎಂದು ಮೂವರಿಗೂ ಬರೆದದ್ದು. ಕೆಳಗೆ ನನ್ನದೇ ಸಹಿ; ಬರೆದದ್ದನ್ನು ನಾನೇ ಮರೆತಿದ್ದೆ. ಕೊಯ್ದು ನೆರಳಲ್ಲಿ ಒಣಗಿಸಿ ಎಂದು ಬರೆದಿದ್ದರೆ ಸಾಕಿತ್ತು.

ನಾಗಮ್ಮ ನನ್ನ ಮುಖ ನೋಡಿದಳು. “ಓದಿದವ್ರು ಬರದಾರ, ಏನರ ಇರಬೇಕು ಅಂದ್ಕೊಂಡೆ” ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಗುಲ್ಬರ್ಗಾ ಬಸ್ ನಿಲ್ದಾಣದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಎದುರಿಗಿದ್ದ ಆಳಂದದ ಬಸ್ಸು ಹತ್ತಿದೆ. ಮಟಕಿಯಲ್ಲಿ ಶರಣಪ್ಪನಿಗೆ ಎಲ್ಲ ಹೇಳಿ, ತಪ್ಪಾಯಿತು ಎಂದೆ.

“ನನಗೊಬ್ಬನಿಗೆ ಹೇಳಿದ್ರ ಏನಾತ್ರಿ? ನಮ್ಮ ಇಜ್ಜತ್ ಹೋಗಿದ್ದು ಅಗಸ್ಯಾಗ. ಅಲ್ಲೇ ಬಂದು ಹೇಳ್ರಿ.”

ಹೋದೆ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನರಿದ್ದರು. ಶರಣಪ್ಪ ಏನೂ ಬೆರೆಸಿಲ್ಲ, ಕೊಯ್ಯುವ ಹೊತ್ತನ್ನು ತಪ್ಪಾಗಿ ಬರೆದದ್ದು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಶರಣಪ್ಪ ತಲೆಯಾಡಿಸಿದ, ಅಷ್ಟೆ.

ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬ ಕೇಳಿದ: “ಇವಂದು ಬಗೀಹರೀತು. ಜ್ವರಾ ಬಂದು ಆ ನೀರಿನಂಥ ಕಷಾಯ ಕುಡದವ್ರಿಗಿ ಯಾರು ಹೇಳ್ತಾರ್ರಿ?”

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಪುಸ್ತಕದ ಹೊಸ ಹಾಳೆಯಲ್ಲಿ ನಮ್ಮ ಕಷಾಯ ಮಾರಿದ ಅಂಗಡಿಗಳ ಹೆಸರು ಬರೆಯತೊಡಗಿದೆ. ಅಲುಗಾಟಕ್ಕೆ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಆಳಂದ ಮುಟ್ಟುವಷ್ಟರಲ್ಲಿ ಒಂಬತ್ತು ಅಂಗಡಿಗಳಾದವು. ಅಲ್ಲಿಂದ ಬಾಟಲಿ ಒಯ್ದವರ ಹೆಸರು ಒಂದೂ ನನಗೆ ಗೊತ್ತಿರಲಿಲ್ಲ.