ಗಿರಣಿಯ ಹಳೆ ಪಟ್ಟಾ

ಆಗ ಕಮರಿಪೇಟೆಯ ನನ್ನ ಹಿಟ್ಟಿನ ಗಿರಣಿ ಎಣ್ಣೆ ಎಂಜಿನ್ನಿನ ಮೇಲೆ ಓಡುತ್ತಿತ್ತು. ಎಂಜಿನ್ನಿನಿಂದ ಬೀಸುವ ಕಲ್ಲಿಗೆ ತೊಗಲಿನ ಪಟ್ಟಾ. ಅದು ಜಾರತೊಡಗಿದರೆ ಉಳಿದ ಗಿರಣಿಯವರು ರಾಳದ ಪುಡಿ ಉದುರಿಸಿ, ಹರಿಯುವವರೆಗೂ ಓಡಿಸುತ್ತಿದ್ದರು. ಹರಿದ ಪಟ್ಟಾ ಚಾವಟಿಯಂತೆ ಬಡಿಯುತ್ತದೆ. ನಾನು ಅದಕ್ಕೆ ಒಪ್ಪುವವಳಲ್ಲ.

ಪಂಚಮಿ ಹತ್ತಿರ ಬಂದು ಡಬ್ಬಿಗಳ ಸಾಲು ಬೀದಿ ಮುಟ್ಟಿದ್ದ ದಿನವೇ ಪಟ್ಟಾದ ಮೇಲೆ ಅಡ್ಡ ಬಿರುಕು ಕಂಡೆ. ಎಂಜಿನ್ ನಿಲ್ಲಿಸಿದೆ. ಗೋಧಿ ಚೀಲ ಹೊತ್ತು ಮೊದಲ ಸಲ ಬಂದಿದ್ದ ಮೀಸೆಯ ಹಿರಿಯರೊಬ್ಬರು ಸಿಡಿದರು.

"ಅಕ್ಕಾರ, ನಾಳೆ ಮನಿಗೆ ಬೀಗರು ಬರಾವ್ರು ಅದಾರ. ಒಂದೀಟು ರಾಳ ಹಾಕಿ ಚಾಲೂ ಮಾಡ್ರಿ."

"ರಾಳ ಜಾರೂದು ತಡೀತೈತ್ರಿ, ಹರಿಯೂದು ತಡಿಯೂದಿಲ್ಲ."

"ದೀಪಾವಳಿತನ ಬರ್ತೈತಿ ಅದು! ಎದುರಿನ ಗಿರಣಿಗೆ ಹೋಗ್ಲೇನು?"

ಸಾಲಿನಲ್ಲಿದ್ದ ಹೆಂಗಸರೂ ತಮ್ಮ ಡಬ್ಬಿಗಳತ್ತ ಕೈ ಚಾಚಿದರು. ಹಬ್ಬದ ದುಡಿಮೆಯೆಲ್ಲ ರಸ್ತೆ ದಾಟಿ ಹೋಗುವ ಲಕ್ಷಣ ಕಂಡಿತು.

"ಹಂಗಾರ ಚಾಲೂ ಮಾಡ್ತೇನಿ. ನಿಮ್ಮ ಹಿಟ್ಟು ಮುಗಿಯೂತನ ನೀವು ಈ ಪಟ್ಟಾದ ಮುಂದ ಇಲ್ಲೇ ನಿಂದರಬೇಕ್ರಿ."

ಅವರು ಬಿರುಕು ನೋಡಿದರು, ಮೀಸೆ ಮುಟ್ಟಿಕೊಂಡರು, ಬಾಗಿಲಾಚೆ ಹೋಗಿ ನಿಂತರು.

"ಹೊಸಾದ ಹಾಕ್ರಿ. ಕಾಯ್ತೇನಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಡಬ್ಬಿಗಳು ಇದ್ದಲ್ಲೇ ಉಳಿದವು.

ಹೊಸ ಪಟ್ಟಾ ಏರಿಸಿ ಅವರ ಗೋಧಿ ಬೀಸಿಕೊಟ್ಟೆ. ಹೊರಡುವಾಗ ಹಳೆಯದನ್ನು ಕೇಳಿದರು. "ಚಪ್ಪಲಿ ತಳಕ್ಕ ಛಲೋ ಆಗ್ತೈತ್ರಿ."

ಕೊಟ್ಟೆ. ಹರಿಯುವುದಿದ್ದರೆ ಕಾಲ ಕೆಳಗೆ ಹರಿಯಲಿ, ಮೀಸೆಯ ಮುಂದೆ ಬೇಡ ಎಂದು ಅವರು ಅಂದುಕೊಂಡಿರಬೇಕು.