ಪತ್ರಿವನದ ಆಸನ ವ್ಯವಸ್ಥೆ

ದೌಲತಾಬಾದ್ ಕೋಟೆಯ ಎದುರು ಕೈಗಾಡಿಯವನೊಬ್ಬ ಬಿಲ್ವದ ಹಣ್ಣು ಒಡೆದು ಶರಬತ್ತಿಗೆ ಕಿವುಚುತ್ತಿದ್ದ. ಬಿಸಿಲಿನಲ್ಲಿ ಆ ಸಿಹಿ ವಾಸನೆ ತೇಲಿ ಬಂದ ಕೂಡಲೇ ನನ್ನ ಹೆಂಡತಿಯ ಮುಖ ಅರಳಿತು, ನನ್ನದು ಹುಳ್ಳಗಾಯಿತು. "ಎರಡು ಗ್ಲಾಸ್ ಹೇಳ್ರಿ" ಎಂದಳು. "ಒಂದು ಸಾಕು. ನನಗೂ ಆ ಗಿಡಕ್ಕೂ ಮಾತಿಲ್ಲ" ಎಂದೆ. ಗಿಡದ ಜೊತೆ ಮಾತು ಬಿಡುವುದುಂಟೇ ಎಂದು ನೀವು ಕೇಳಬಹುದು. ನೀವು ರುದ್ರಭೂಮಿ ಸಮಿತಿಯ ಕಾರ್ಯದರ್ಶಿಯಾಗಿಲ್ಲ, ಅದಕ್ಕೇ ಕೇಳುತ್ತೀರಿ.

ನಾನು ಆಗಿದ್ದೆ, ನಾಸಿಕದಲ್ಲಿ, ಓಝರದ ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ. ನಮ್ಮ ಕಡೆಯಿಂದ ಹೋದ ಲಿಂಗಾಯತ ಮನೆತನಗಳೆಲ್ಲ ಸೇರಿ ಊರಾಚೆ ಒಂದು ತುಂಡು ನೆಲ ಪಡೆದಿದ್ದೆವು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಆ ನೆಲದ ಉಸ್ತುವಾರಿಗೆ ನಾನು ಆಯ್ಕೆಯಾದ ಬಗೆ ಸರಳ: ಆಯ್ಕೆಯ ಸಭೆಗೆ ನಾನು ಹೋಗಿರಲಿಲ್ಲ. ಹೋದವರೆಲ್ಲ ಜಾಣರು.

ನೆಲ ಚಿಕ್ಕದು, ಅಭಿಮಾನ ದೊಡ್ಡದು. ಒಬ್ಬರು ತಂದೆಗೆ ಸಿಮೆಂಟಿನ ಗದ್ದುಗೆ ಕಟ್ಟಿಸಿದರೆ ಇನ್ನೊಬ್ಬರು ಮಾವನಿಗೆ ಬಚ್ಚಲುಮನೆಯ ಟೈಲ್ಸ್ ಹಾಕಿಸಿ, ಮೇಲೊಂದು ಕಳಸವಿಟ್ಟರು. ಹೀಗೇ ಬಿಟ್ಟರೆ ಮುಂದೆ ಸಾಯುವವರು ನಿಂತೇ ಇರಬೇಕಾದೀತೆಂದು ಸಮಿತಿ ಒಂದು ಕ್ರಾಂತಿಕಾರಿ ಠರಾವು ಪಾಸು ಮಾಡಿತು: ಇನ್ನು ಕಲ್ಲಿಲ್ಲ, ಸಿಮೆಂಟಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಗಿಡ. ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಯ ನಕ್ಷೆ ಬರೆಯುವವರೇ ಇದರ ನಕ್ಷೆಯನ್ನೂ ಬರೆದರು. ಸಾಲುಗಳು, ಸಾಲುಗಳ ನಡುವೆ ಓಣಿ, ಎಲ್ಲರ ಮುಖ ಉತ್ತರಕ್ಕೆ. ಸಿನಿಮಾ ಮಂದಿರದಲ್ಲೂ ಅಷ್ಟು ಅಚ್ಚುಕಟ್ಟಾದ ಆಸನ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಯಾವ ಗಿಡ ಎಂಬುದನ್ನು ಮಾತ್ರ ಆ ಬುದ್ಧಿವಂತರಲ್ಲಿ ಒಬ್ಬರೂ ಬರೆಯಲಿಲ್ಲ.

ಎಲ್ಲರೂ ಬಿಲ್ವವನ್ನೇ ತಂದರು. ನಮ್ಮ ಮಾತಿನಲ್ಲಿ ಪತ್ರಿ ಗಿಡ. "ಬೇವು ಹಚ್ರಿ, ನೆರಳಾದ್ರೂ ಬರ್ತದ" ಎಂದು ನಾನು ಕಂಡಕಂಡವರ ಮುಂದೆ ಅಂಗಲಾಚಿದೆ. "ನಮ್ಮಪ್ಪಗ ಶಿವನ ಗಿಡ ಬಿಟ್ಟು ಬೇವು ಹಚ್ಚಲೇನ್ರಿ? ಅಂವ ಏನ್ ಪಾಪ ಮಾಡಿದ್ದ?" ಎಂದು ತಿರುಗಿ ಬಿದ್ದರು. ಪತ್ರಿ ಗಿಡಕ್ಕೆ ಮೈತುಂಬ ಮುಳ್ಳು. ಬೇರಿನ ಗುಂಟ ಎಲ್ಲೆಂದರಲ್ಲಿ ಮರಿ ಎಬ್ಬಿಸುವುದು ಅದರ ಇನ್ನೊಂದು ಸದ್ಗುಣ. ಕಡಿಯೋಣವೆಂದರೆ ಶಿವದ್ರೋಹ. ಕೆಲವೇ ವರ್ಷಗಳಲ್ಲಿ, ಹೆಣಕ್ಕೆ ಹೆಗಲು ಕೊಟ್ಟವರು ಶರ್ಟು ಹರಿಸಿಕೊಳ್ಳದೆ ಒಳಗೆ ಹೋಗಿ ಬರುವುದು ಅಸಾಧ್ಯವಾಯಿತು. ಸಾಲದ್ದಕ್ಕೆ ಶ್ರಾವಣದಲ್ಲಿ ಸುತ್ತಲಿನ ಕಾಲೋನಿಯ ಹೆಂಗಸರು ಪೂಜೆಯ ಎಲೆಗೆಂದು ಬುಟ್ಟಿ ಹಿಡಿದು ಬರತೊಡಗಿದರು. ಇದು ಸ್ಮಶಾನವಮ್ಮಾ ಎಂದರೆ, ಮಹಾದೇವ ಇರುವುದಾದರೂ ಇನ್ನೆಲ್ಲಿ ಕಾಕಾ, ಎಂದು ಮರಾಠಿಯಲ್ಲಿ ನನಗೇ ಪಾಠ ಹೇಳಿದರು.

ಇಂಥದರಲ್ಲಿ ನೀಲವ್ವನ ಪ್ರಕರಣ ಬಂತು. ಅವರ ಗಂಡ ಮಲ್ಲಪ್ಪನವರು ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದವರು. ಗಂಡನನ್ನು ಮಣ್ಣು ಮಾಡಿದ ದಿನವೇ ನೀಲವ್ವ ಪಕ್ಕದ ಜಾಗ ತನಗಿರಲಿ ಎಂದು ಕೇಳಿಕೊಂಡಿದ್ದರು, ಸಮಿತಿಯೂ ಒಪ್ಪಿತ್ತು. ಸೋಮವಾರ ಸೋಮವಾರ ಕೊಡ ಹೊತ್ತು ಬಂದು ಗಂಡನ ಗಿಡಕ್ಕೆ ನೀರು ಹಾಕುತ್ತಿದ್ದರು. ನಡುವೆ ಮೊಣಕಾಲು ಹಿಡಿದು ಬಹಳ ಕಾಲ ಬರಲಾಗಲಿಲ್ಲ. ಚೇತರಿಸಿಕೊಂಡು ಬಂದು ನೋಡುತ್ತಾರೆ, ತಮ್ಮ ಜಾಗದ ನಟ್ಟನಡುವೆ, ಗಂಡನ ಗಿಡದ ಬೇರಿನಿಂದಲೇ ಎದ್ದ ಮರಿಯೊಂದು ಆಳೆತ್ತರ ಬೆಳೆದು ನಿಂತಿದೆ.

"ನನ್ನ ಜಾಗಾದಾಗ ಇಂವ ಯಾವಾಂವ್ರೀ, ಸೆಕ್ರೆಟರಿ ಸಾಹೇಬ್ರ?"

ಅಧ್ಯಕ್ಷರಾದ ಬಸಲಿಂಗಪ್ಪನವರು ಪೂಜೆ ಪುನಸ್ಕಾರದ ಮನುಷ್ಯ. "ಪತ್ರಿ ಕಡಿಯೋ ಪಾಪ ಸಮಿತಿ ತಲಿಗೆ ಬ್ಯಾಡ. ಅವ್ವಾರಿಗೆ ಹಿಂದಿನ ಸಾಲಿನ್ಯಾಗ ಜಾಗಾ ಕೊಡ್ರಿ" ಎಂದು ನನ್ನನ್ನು ಕಳಿಸಿದರು. ಹೋಗಿ ಹೇಳಿದೆ.

"ಹಿಂದ ಕುಂತು ಅವರ ಬೆನ್ನ ನೋಡ್ಲೇನ್ರಿ?" ಎಂದರು ನೀಲವ್ವ. "ಬದುಕಿದ್ದಾಗ ಅದನ್ನ ನೋಡೇನಿ. ಶಿಫ್ಟಿಗೆ ಹೊಂಟಾಗ ಬೆನ್ನು, ಉಣ್ಣಾಕ ಕುಂತಾಗ ಬೆನ್ನು. ನಾ ಒಲಿ ಮುಂದ, ಅವರು ಪಡಸಾಲ್ಯಾಗ. ಬಾಜೂಕ ಕುಂತದ್ದಂದ್ರ ಮದುವಿ ದಿನಾ ಒಮ್ಮೆ. ಅವತ್ತೂ ನಾಚಿಕಿಗೆ ತಲಿ ಎತ್ತಲಿಲ್ಲ ನಾ."

ನಾನು ವಾಪಸು ಬಂದು ಅಧ್ಯಕ್ಷರಿಗೆ ವರದಿ ಒಪ್ಪಿಸಿದೆ. ಸಭೆಯ ಮೇಲೆ ಸಭೆ ನಡೆಯಿತು. ನಕ್ಷೆಯವರು ಗಿಡವನ್ನು ತಪ್ಪಿಸಿ ಆಕೆಯನ್ನು ಓರೆಯಾಗಿ ಕೂರಿಸುವ ಹೊಸ ನಕ್ಷೆ ತಂದರು. ಗಿಡವನ್ನೇ ಕಿತ್ತು ಬೇರೆಡೆ ನೆಡೋಣವೆಂದು ಒಬ್ಬರು, ಬೇರು ಮಲ್ಲಪ್ಪನವರ ಮೈಮೇಲೆಯೇ ಹರಿದಿದೆ, ಎಳೆದರೆ ಅವರೂ ಬಂದಾರು ಎಂದು ಮತ್ತೊಬ್ಬರು. ಚಹಾ ಬಂತು, ತೀರ್ಮಾನ ಬರಲಿಲ್ಲ. ಅತ್ತ ನೀಲವ್ವ ದಿನದಿನಕ್ಕೆ ಬಡಕಲಾಗುತ್ತಿದ್ದರು, ಇತ್ತ ಗಿಡ ದಪ್ಪವಾಗುತ್ತಿತ್ತು. ಸಮಿತಿ ಎರಡನ್ನೂ ಗಾಢ ವಿಷಾದದಿಂದ ಗಮನಿಸುತ್ತಿತ್ತು.

ಒಂದು ಮಧ್ಯಾಹ್ನ ಅಧ್ಯಕ್ಷರೂ ನಾನೂ ಸ್ಥಳ ಪರಿಶೀಲನೆಗೆಂದು ಗಂಭೀರವಾಗಿ ಹೋದರೆ, ನೀಲವ್ವ ಆಗಲೇ ಅಲ್ಲಿದ್ದರು. ಕೈಯಲ್ಲಿ ಕೊಡಲಿ.

"ಅವ್ವಾ, ಶಿವನ ಗಿಡಾ ಅದು!" ಎಂದು ಬಸಲಿಂಗಪ್ಪನವರು ಕೂಗಿದರು.

"ಗೊತ್ತೈತ್ರಿ. ನೀರು ಹಾಕಿದಾಕಿ ನಾನ. ಪಾಪ ಬಂದ್ರ ನನಗ ಬರ್ಲಿ. ಹೆಂಗೂ ಅವನ ಕಡೀಗೇ ಹೊಂಟೀನಿ, ಅಲ್ಲೇ ಮಾರಿ ಮುಂದ ಮಾತಾಡ್ತೀನಿ. ನೀವ್ ಸಭಾ ಮಾಡ್ಕೋತ ಇರ್ರಿ."

ಕೊಡಲಿ ಎತ್ತಿದರು. ತೋಳಿನಲ್ಲಿ ಬಲವಿರಲಿಲ್ಲ; ಪೆಟ್ಟು ತೊಗಟೆಯನ್ನಷ್ಟೇ ಕೆರೆಯಿತು. ಏದುಸಿರು ಬಿಡುತ್ತ ಮತ್ತೆ ಎತ್ತಿದರು. ಬಸಲಿಂಗಪ್ಪನವರು ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಗಿಡಕ್ಕೆ ಕೈಮುಗಿದು, ಆಕೆಯ ಕೈಯಿಂದ ಕೊಡಲಿ ಇಸಿದುಕೊಂಡರು. ಗಿಡವನ್ನು ಉರುಳಿಸಿದ ಮೇಲೆ ಎಲೆಗಳು ಯಾರ ಕಾಲಿಗೂ ತಗಲದಂತೆ ಒಂದೊಂದನ್ನೇ ಆರಿಸಿ ಟವೆಲ್ಲಿನಲ್ಲಿ ಕಟ್ಟಿಕೊಂಡರು. "ಠರಾವು ಆಮ್ಯಾಲೆ ಬರಕೋರಿ" ಎಂದರು ನನಗೆ, ಮುಖ ತಿರುಗಿಸಿಕೊಂಡು.

ಆ ಮಳೆಗಾಲದಲ್ಲಿ ನೀಲವ್ವ ತೀರಿಕೊಂಡರು. ಗಂಡನ ಪಕ್ಕದಲ್ಲೇ ಕೂರಿಸಿದೆವು. ಗೋಣು ಮುಂದಕ್ಕೆ ಬಾಗುತ್ತಿತ್ತು. ಕುಣಿಯೊಳಗೆ ಇಳಿದಿದ್ದವರಿಗೆ ನಾನು ಮೇಲಿನಿಂದ, "ತಲಿ ಎತ್ತಿ ಹಿಂದಕ್ಕ ಆನಿಸ್ರಿ" ಎಂದೆ. ಯಾಕೆಂದು ಯಾರೂ ಕೇಳಲಿಲ್ಲ, ಎತ್ತಿ ಆನಿಸಿದರು.

ಕೋಟೆಯ ಎದುರಿನ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದವನು, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತನ್ನು ಹೆಂಡತಿಗೆ ಕೇಳಿದೆ: "ನಿನಗೂ ನಾಸಿಕದ ರುದ್ರಭೂಮ್ಯಾಗ ನನ್ನ ಬಾಜೂಕ ಜಾಗಾ ಹೇಳಿ ಇಡ್ಲೇನು?"

"ಬಾಜೂಕ ಬ್ಯಾಡ್ರಿ" ಎಂದಳು, ತಡವರಿಸದೆ. "ಬಾಜೂಕ ಕುಂತ್ರ ನೀವು ಪೇಪರ್ ಹಿಡೀತೀರಿ. ಎದುರಿಗೆ ಕುಂದರಸಾಕ ಹೇಳ್ರಿ. ಮಾರಿ ನೋಡಿ ಜಗಳಾಡಾಕ ಬರ್ತದ."

ಎಲ್ಲರ ಮುಖ ಉತ್ತರಕ್ಕೆ ಎಂಬ ನಿಯಮಕ್ಕೆ ಸ್ವತಃ ಸಹಿ ಹಾಕಿದವನು ನಾನು. ಆದರೂ ಅಲ್ಲಿಂದಲೇ ನಾಸಿಕಕ್ಕೆ ಫೋನು ಹಚ್ಚಿ, ಈಗಿನ ಕಾರ್ಯದರ್ಶಿಗೆ ವಿಷಯ ತಿಳಿಸಿ, ನಮ್ಮಿಬ್ಬರ ಮಟ್ಟಿಗಾದರೂ ಒಬ್ಬರ ಮುಖ ದಕ್ಷಿಣಕ್ಕಿರಲಿ ಎಂದು ವಿನಂತಿಸಿಕೊಂಡೆ. ಆತ, ಸಭೆಯ ಮುಂದೆ ಇಡುತ್ತೇನೆ ಎಂದ. ಆ ಸಭೆಗಳನ್ನು ನಾನು ಬಲ್ಲೆ. ತೀರ್ಮಾನವಾಗುವವರೆಗೆ ನಾವಿಬ್ಬರೂ ಸಾಯುವಂತಿಲ್ಲ.