ತಿಪ್ಪೇಸ್ವಾಮಿ ಹಾಕದ ಎಣ್ಣೆ

ನಾನು ವ್ಯಾಪಾರಿ, ಆದ್ದರಿಂದ ಬೆಲೆ ಮೊದಲು ಹೇಳಿಬಿಡುತ್ತೇನೆ. ಒಂದು ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ನಿಗೆ ನಾನು ಹಾಕಿದ ಎಣ್ಣೆಗೆ ಕಲ್ಯಾಣದುರ್ಗದ ತಿಪ್ಪೇಸ್ವಾಮಿ ಎಂಬ ಮೆಕ್ಯಾನಿಕ್ ತನ್ನ ಶೆಡ್ಡನ್ನು ತೆತ್ತ. ಎಣ್ಣೆ ನನ್ನದು, ಸುರಿದ ಕೈ ನನ್ನದು, ಸುರಿದದ್ದನ್ನು ಮುಚ್ಚಿಟ್ಟವನೂ ನಾನು. ಆಮೇಲೆ ನಾಲ್ಕು ಜನರೆದುರು ನಿಂತು ತಪ್ಪು ಅವನದೇ ಎಂದವನೂ ನಾನೇ. ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದರೆ, ಇರುವುದೆಲ್ಲ ಗೊಂದಲ. ಅದನ್ನೇ ಇದ್ದ ಹಾಗೆ ಮುಂದಿಡುತ್ತೇನೆ.

ಹಿಂದೂಪುರದಲ್ಲಿ ನನ್ನದೊಂದು ಆಯಿಲ್ ಅಂಗಡಿ. ಲಾರಿ, ಟ್ರ್ಯಾಕ್ಟರ್, ಕಾರು, ಏನೇ ಬರಲಿ, ಅದಕ್ಕೆ ಹಾಕುವ ಎಣ್ಣೆ, ಗ್ರೀಸು, ಫಿಲ್ಟರು ನನ್ನಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ನಾನು ಕಡಲೆಕಾಯಿ ಎಣ್ಣೆ ಮಾರುತ್ತಿದ್ದೆ. ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಊರೂರು ತಿರುಗಿದವನು. ನಮ್ಮ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆಯನ್ನು ಪರೀಕ್ಷೆ ಮಾಡುವುದು ಬೆರಳಿನಲ್ಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹನಿ ಇಟ್ಟು, ಉಜ್ಜಿ, ಬೆರಳು ಬಿಡಿಸಿದರೆ ಎಳೆ ಬರುತ್ತದೆ. ಎಳೆ ಎಷ್ಟು ಉದ್ದ, ಎಲ್ಲಿ ಕಡಿಯಿತು ಎಂಬುದರ ಮೇಲೆ ಎಣ್ಣೆ ಹೊಸದೋ ಹಳೆಯದೋ, ಬೆರಕೆಯೋ ಅಲ್ಲವೋ ಹೇಳುತ್ತಾರೆ. ಎಲ್ಲರ ಬೆರಳಿಗೂ ಅದು ಸಿಕ್ಕುವುದಿಲ್ಲ. ನನ್ನ ಬೆರಳಿಗೆ ಸಿಕ್ಕಿತ್ತು. ಗಾಣದವರಿಗೂ ಅಂಗಡಿಯವರಿಗೂ ತಕರಾರು ಬಂದರೆ ನನ್ನನ್ನು ಕರೆಸುತ್ತಿದ್ದರು. ನಾನು ಬೆರಳು ಅದ್ದಿ ಹೇಳಿದ್ದೇ ಕೊನೆ — ಅದಾದ ಮೇಲೆ ಯಾರೂ ಬಾಯಿ ತೆರೆಯುವಂತಿಲ್ಲ, ಸೋತವನೂ ಟೀ ಕುಡಿದು ಎದ್ದು ಹೋಗಬೇಕು. ಅದು ಪದ್ಧತಿ.

ಮೋಟಾರಿನ ಎಣ್ಣೆಗೆ ಇಳಿದಾಗಲೂ ನಾನು ಅದೇ ಬೆರಳನ್ನು ನಂಬಿದೆ. ದಪ್ಪ ಇದ್ದರೆ ಒಳ್ಳೆಯದು, ಎಳೆ ಬಂದರೆ ಗಟ್ಟಿ ಮಾಲು. ಗಿರಾಕಿಗಳೂ ಹಾಗೇ ನೋಡುತ್ತಿದ್ದರು. ಹಳೆಯ ಎಂಜಿನ್ ಸವೆದಿರುತ್ತದೆ, ಸಂದು ದೊಡ್ಡದಾಗಿರುತ್ತದೆ, ದಪ್ಪ ಎಣ್ಣೆ ಆ ಸಂದನ್ನು ತುಂಬುತ್ತದೆ ಎಂದು ನಾನೇ ನೂರಾರು ಜನಕ್ಕೆ ಹೇಳಿಕೊಟ್ಟಿದ್ದೇನೆ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆ ‘ಸ್ವಲ್ಪ’ ಎಲ್ಲಿ ಮುಗಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ — ಅಥವಾ ಗೊತ್ತಿತ್ತೋ ಏನೋ.

ನನ್ನ ಅಕ್ಕನನ್ನು ಕೊಟ್ಟದ್ದು ಕಲ್ಯಾಣದುರ್ಗಕ್ಕೆ. ಭಾವ ಮಲ್ಲಿಕಾರ್ಜುನಪ್ಪನವರದು ಅಲ್ಲಿ ಕಡಲೆಕಾಯಿ ವ್ಯಾಪಾರ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು, ಅವರಿಗೊಂದು ಹಳೆಯ ಡೀಸೆಲ್ ಅಂಬಾಸಿಡರ್ ಕೊಡಿಸಿದೆ. ಚೌಕಾಸಿ ಮಾಡಿದ್ದು ನಾನೇ. ಎಂಜಿನ್ ಸೋತಿದೆ ಎಂದು ನನಗೆ ಗೊತ್ತಿತ್ತು, ಅದನ್ನೇ ಹಿಡಿದು ಮಾರುವವನ ಬೆಲೆ ಇಳಿಸುತ್ತ ಹೋದೆ. ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸವನ್ನು ಭಾವ ತಮ್ಮೂರಿನ ತಿಪ್ಪೇಸ್ವಾಮಿಗೆ ಒಪ್ಪಿಸಿದರು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗ್ ಕೂರಿಸಿ, ಕಾರು ಹೊರಗೆ ಬಂದಾಗ ಅವನು ಅದಕ್ಕೆ ಟ್ವೆಂಟಿ-ಫಾರ್ಟಿ ಹಾಕಿದ್ದ. ಅದು ಕಾರಿಗೆ ಹಾಕುವ ಸಾಮಾನ್ಯ ಎಂಜಿನ್ ಆಯಿಲ್, ಅಂಥ ದಪ್ಪವೇನೂ ಅಲ್ಲ. ಮೊದಲ ಸರ್ವೀಸಿಗೆ ತನ್ನ ಹತ್ತಿರವೇ ತರಬೇಕು, ಅಲ್ಲಿಯವರೆಗೆ ಯಾರೂ ಬಾನೆಟ್ ಎತ್ತಬಾರದು ಎಂದು ಹೇಳಿ ಕಳಿಸಿದ್ದ.

ತಿಪ್ಪೇಸ್ವಾಮಿ ಬಾಯಿಬಡುಕ. ಕೆಲಸದ ನಡುವೆ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದ. ಭಾವನ ಬಳಿ ನನ್ನ ಬಗ್ಗೆಯೂ ಒಂದು ಮಾತು ಹೇಳಿದ್ದ. ಅದನ್ನು ಭಾವ ನಗುತ್ತಲೇ ನನಗೆ ಮುಟ್ಟಿಸಿದರು. “ನಿಮ್ ಬಾಮೈದ ಒಗ್ಗರಣೆ ಎಣ್ಣೆ ಮಾರ್ದೋರು. ಅವರ ಕೈಯಾಗೆ ಈ ಕಾರು ಕೊಡ್ಬ್ಯಾಡಿ, ಸಾಸಿವೆ ಹಾಕ್ಬುಡ್ತಾರೆ.”

ನಾನೂ ನಕ್ಕೆ. ಆದರೆ ಅದು ಒಳಗೆ ಎಲ್ಲೋ ಸಿಕ್ಕಿಕೊಂಡಿತು.

ಕೆಲವು ವಾರಗಳ ನಂತರ ಭಾವ ಅದೇ ಕಾರಿನಲ್ಲಿ ಹಿಂದೂಪುರಕ್ಕೆ ಬಂದರು. ಅವರು ಮನೆಯೊಳಗೆ ಊಟಕ್ಕೆ ಕೂತರು. ನಾನು ಬಾನೆಟ್ ಎತ್ತಿದೆ. ಅಳತೆ ಕಡ್ಡಿ ಎಳೆದು ಎಣ್ಣೆ ನೋಡಿದೆ, ಬೆರಳಿಗೆ ನೀರಿನ ಹಾಗೆ ಹತ್ತಿತು. ಇಂಥ ಎಂಜಿನ್ನಿಗೆ ಇಷ್ಟು ತೆಳುವೇ ಅನ್ನಿಸಿತು. ಅರ್ಧ ಇಳಿಸಿ, ಆ ಜಾಗಕ್ಕೆ ಒನ್-ಫಾರ್ಟಿ ಸುರಿದೆ. ಅದು ಲಾರಿಯ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿಗೆ ಹಾಕುವ ಗೇರ್ ಆಯಿಲ್, ಪಾಕದ ಹಾಗಿರುತ್ತದೆ. ಸ್ಟಾರ್ಟ್ ಮಾಡಿದರೆ ಎಂಜಿನ್ ಮೆತ್ತಗೆ ಹಾಡಿತು. ಆಯಿಲ್ ಪ್ರೆಷರಿನ ಮುಳ್ಳು ಮೇಲಕ್ಕೆ ಹೋಗಿ ನಿಂತಿತು. ಭಾವ ಕೈ ತೊಳೆದು ಬಂದು ಕಿವಿಗೊಟ್ಟು, ಏನು ಮಾಡಿದೆ ಎಂದು ಕೇಳಿದರು. ಎಣ್ಣೆ ಸ್ವಲ್ಪ ಕಮ್ಮಿ ಇತ್ತು, ಹಾಕಿದ್ದೇನೆ ಅಂದೆ. ಅಷ್ಟೇ ಅಂದೆ.

ಯಾಕೆ ಪೂರ್ತಿ ಹೇಳಲಿಲ್ಲ? ಕಾರು ಒಂದು ವರ್ಷ ಓಡಲಿ, ಆಮೇಲೆ ಆ ಬಾಯಿಬಡುಕನ ಎದುರು ನಿಂತು ಹೇಳುತ್ತೇನೆ ಎಂದಿತ್ತು ಮನಸ್ಸಿನಲ್ಲಿ. ಭಾವನ ಒಳ್ಳೆಯದಕ್ಕೇ ಮಾಡಿದೆ ಎಂದೂ ಇತ್ತು. ಯಾವುದು ಹೆಚ್ಚು, ಯಾವುದು ಕಮ್ಮಿ — ತಕ್ಕಡಿಯಲ್ಲಿ ಇಟ್ಟು ನೋಡಲು ಬರುವ ವಸ್ತುವಲ್ಲ ಅದು.

ಚಳಿಗಾಲ ಬಂತು, ಮೊದಲ ಸರ್ವೀಸ್ ಇನ್ನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಭಾವ, ಅಕ್ಕ ಇಬ್ಬರೂ ಹಿಂದೂಪುರಕ್ಕೆ ಹೊರಟರು. ಅವಸರದಲ್ಲಿ ಎಂಜಿನ್ ಬಿಸಿಯಾಗಲೂ ಬಿಡದೆ ಕಾರು ಓಡಿಸಿದ್ದರು. ದಾರಿಯ ಮೇಲಿನ ರೊದ್ದಂ ಊರು ಇನ್ನೂ ಮುಂದಿರುವಾಗಲೇ ಎಂಜಿನ್ ಒಳಗೆ ಸುತ್ತಿಗೆ ಬಡಿದಂತಾಗಿ, ಅದು ಬಿಗಿಹಿಡಿದು ಕಾರು ಗಕ್ಕನೆ ನಿಂತುಬಿಟ್ಟಿತು. ಅಕ್ಕನ ಹಣೆ ಮುಂದಿನ ಸೀಟಿಗೆ ಬಡಿದು ಊದಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ವಾಪಸು ತಿಪ್ಪೇಸ್ವಾಮಿಯ ಶೆಡ್ಡಿಗೆ ಎಳೆಸಿದರು. ಮಾರನೆಯ ದಿನ ನನ್ನನ್ನೂ ಕರೆಸಿದರು.

ನಾನು ಹೋದಾಗ ಶೆಡ್ಡಿನ ಮುಂದೆ ಜನ ಸೇರಿದ್ದರು. ಅವನ ಹತ್ತಿರ ಗಾಡಿ ರಿಪೇರಿಗೆ ಬಿಟ್ಟವರೇ ಹೆಚ್ಚು. ಬೇರಿಂಗ್ ಕರಗಿ, ಅದರೊಳಗೆ ತಿರುಗುವ ಕ್ರ್ಯಾಂಕಿಗೆ ಅಂಟಿಕೊಂಡಿತ್ತು. ಭಾವ ಕೂಗಾಡುತ್ತಿದ್ದರು. ತಿಪ್ಪೇಸ್ವಾಮಿ ಮಾತ್ರ ಆವತ್ತು ಕೂಗಲಿಲ್ಲ. ಎಣ್ಣೆಯನ್ನು ಟ್ರೇಗೆ ಇಳಿಸಿ ನಡುವೆ ತಂದಿಟ್ಟು, ಇದು ತಾನು ಹಾಕಿದ ಎಣ್ಣೆ ಅಲ್ಲ ಎಂದ. ಸುಟ್ಟು ಕರ್ರಗಾದ ಎಣ್ಣೆ. ನೋಡಿದರೆ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ನಾನು ಹಾಕಿದ್ದೂ ಅದೇ ಟ್ವೆಂಟಿ-ಫಾರ್ಟಿ ಎಂದೇ ಭಾವ ನಂಬಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ಕೊನೆಗೆ ತಿಪ್ಪೇಸ್ವಾಮಿಯೇ ಅಂದ, “ನಾಗಭೂಷಣಣ್ಣ ಬೆರಳಿಟ್ಟು ಹೇಳ್ಲಿ. ನಾನು ಒಪ್ಕೋತೀನಿ.”

ಬೆರಳು ಅದ್ದಿದೆ. ಉಜ್ಜಿದೆ. ಬಿಡಿಸಿದೆ. ಎಳೆ ಬಂತು — ಬಂತು, ಬರುತ್ತಲೇ ಇತ್ತು. ನನ್ನದೇ ಮಾಲು ನನ್ನ ಬೆರಳಿಗೆ ಗುರುತು ಸಿಗದೆ ಇರುತ್ತದೆಯೇ? ಅಕ್ಕ ಅಲ್ಲೇ ಕಲ್ಲಿನ ಮೇಲೆ ಹಣೆಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಅಂಗಡಿಯ ಹೆಸರು, ಅಕ್ಕನ ಮುಖ, ಸಾಸಿವೆಯ ಮಾತು, ಎಲ್ಲ ಒಟ್ಟಿಗೇ ಬಂದು — ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ. ಬಾಯಿಂದ ಬಂದದ್ದು ಇದು:

“ಟ್ವೆಂಟಿ-ಫಾರ್ಟಿನೇ ಕಣಪ್ಪ. ಕಾದು ಗಟ್ಟಿಯಾಗೈತೆ, ಅಷ್ಟೇಯ. ಎಣ್ಣೇದೇನೂ ತಪ್ಪಿಲ್ಲ, ಬೇರಿಂಗ್ ಕೂರ್ಸಿರೋದ್ರಲ್ಲೇ ತಪ್ಪೈತೆ.”

ತಿಪ್ಪೇಸ್ವಾಮಿ ಟ್ರೇಯನ್ನೇ ನೋಡುತ್ತ ನಿಂತ. ಅವನು ಬಾಯಿ ಮಾಡುತ್ತಾನೆ, ನನ್ನ ಮೇಲೆ ಏರಿ ಬರುತ್ತಾನೆ ಎಂದುಕೊಂಡಿದ್ದೆ. ಬಂದಿದ್ದರೆ ಚೆನ್ನಾಗಿತ್ತು. “ನೀವೇ ಅಂದ್ಮೇಲೆ ಆಯ್ತು ಬುಡಣ್ಣ,” ಅಂದು ಕೈ ಒರೆಸಿಕೊಂಡ.

ಅಲ್ಲಿ ನಿಂತಿದ್ದವರು ಒಬ್ಬೊಬ್ಬರೇ ತಮ್ಮ ಗಾಡಿಗಳನ್ನು ಬಿಡಿಸಿಕೊಂಡು ಹೋದರು ಎಂದು ಆಮೇಲೆ ತಿಳಿಯಿತು. ಬೇರಿಂಗ್ ಕೂರಿಸಲು ಬಾರದವನ ಕೈಗೆ ಎಂಜಿನ್ ಯಾರು ಕೊಡುತ್ತಾರೆ? ಶೆಡ್ಡು ಮುಚ್ಚಿತು. ಅವನು ಊರು ಬಿಟ್ಟ.

ನಾನು ಸುಮ್ಮನಿರಲಿಲ್ಲ, ಕೇಳುತ್ತ ಹೋದೆ. ಊರು ಹೇಳದೆ, ಹೆಸರು ಹೇಳದೆ, ಯಾರದೋ ಕಾರಿನ ಕಥೆ ಎಂಬಂತೆ. ಆಯಿಲ್ ಕಂಪನಿಯಿಂದ ಬರುವ ಒಬ್ಬರು ಹೇಳಿದರು, ಹೊಸದಾಗಿ ಕಟ್ಟಿದ ಎಂಜಿನ್ನಿನ ಸಂದುಗಳು ಬಿಗಿಯಾಗಿರುತ್ತವೆ, ಚಳಿಯಲ್ಲಿ ಅಷ್ಟು ದಪ್ಪ ಎಣ್ಣೆ ಬೇರಿಂಗಿಗೆ ತಲುಪುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ ಎಂದು. ಬೆಂಗಳೂರಿನಲ್ಲಿ ಕ್ರ್ಯಾಂಕ್ ಸಾಣೆ ಹಿಡಿಯುವವರೊಬ್ಬರು ಅದನ್ನು ಒಪ್ಪಲಿಲ್ಲ. ಬೇರಿಂಗ್ ಬಿಗಿ ಕೂತಿದ್ದರೆ ಯಾವ ಎಣ್ಣೆ ಹಾಕಿದರೂ ಹೋಗುತ್ತಿತ್ತು ಅಂದರು. ಇನ್ನೊಬ್ಬರು ಎಣ್ಣೆಯ ದಾರಿಯಲ್ಲಿ ಕಸ ಸಿಕ್ಕಿಕೊಂಡಿರಬಹುದು ಅಂದರು. ಒಬ್ಬೊಬ್ಬರ ಮಾತು ಕೇಳಿದಾಗಲೂ ಅದೇ ಸರಿ ಅನ್ನಿಸುತ್ತಿತ್ತು. ಎಂಜಿನ್ ಕೊಂದದ್ದು ನನ್ನ ಎಣ್ಣೆಯೋ, ಅವನ ಕೈಯೋ, ಭಾವನ ಅವಸರವೋ — ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ಟ್ರೇಯಲ್ಲಿ ಏನಿತ್ತು ಎಂಬುದು ಆವತ್ತೇ ತಿಳಿದಿತ್ತು.

ಮೊನ್ನೆ ಮೊನ್ನೆ ವಸೂಲಿಗೆಂದು ಸೆಟ್ಟೂರಿನ ಕಡೆ ಹೋಗಿದ್ದೆ. ಬಸ್ಸಿಗೆ ಕಾಯುತ್ತ ನಿಂತಾಗ ಎದುರಿಗೆ, ಟಾರ್ಪಾಲಿನ ನೆರಳಿನಲ್ಲಿ ಒಬ್ಬ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಬೆನ್ನು ನೋಡಿಯೇ ಗುರುತು ಸಿಕ್ಕಿತು. ಟ್ರ್ಯಾಕ್ಟರಿನವನೊಬ್ಬ ಎಂಜಿನ್ ಸದ್ದು ಬರುತ್ತಿದೆ, ಒಂದಿಷ್ಟು ನೋಡು ಎಂದು ಕೇಳುತ್ತಿದ್ದ. ತಿಪ್ಪೇಸ್ವಾಮಿ ತಲೆ ಎತ್ತದೆ ಬೇರೆ ಕಡೆ ಹೋಗಲು ಹೇಳಿ ಕಳಿಸಿದ. ನಾನು ರಸ್ತೆ ದಾಟಿದೆ. ಬನ್ನಿ ಅಣ್ಣ, ಕೂತ್ಕೊಳ್ಳಿ ಎಂದು ಟೈರು ತೋರಿಸಿದ. ಎಂಜಿನ್ ಕೆಲಸ ಬಿಟ್ಟೆಯಾ ಎಂದು ಕೇಳಿದೆ, ಗೊತ್ತಿಲ್ಲದವನ ಹಾಗೆ.

“ಬಿಟ್ಬುಟ್ಟೆ ಕಣಣ್ಣ. ಕೂರ್ಸಿದ್ ಬೇರಿಂಗ್ನ ಹತ್ತು ಸಲ ಬಿಚ್ಚಿ ನೋಡೋ ಹಂಗಾಯ್ತು. ಆವತ್ತು ಎಲ್ಲಿ ತಪ್ಪಿದೆ ಅಂತ ಇನ್ನೂ ಹುಡುಕ್ತಾ ಇವ್ನಿ. ನೀವು ಬೆರಳಿಟ್ಟು ಹೇಳಿದ್ದು, ಸುಳ್ಳಾಗಕ್ಕಿಲ್ಲ.”

ಅವನು ನನ್ನ ಮೇಲೆ ಕೋಪ ಇಟ್ಟುಕೊಂಡು ಬದುಕುತ್ತಿದ್ದಾನೆ ಎಂದುಕೊಂಡಿದ್ದೆ. ಅದು ನನಗೆ ಹೊರೆಯಾಗಿರಲಿಲ್ಲ. ಅವನು ನನ್ನನ್ನು ನಂಬಿಕೊಂಡು ಬದುಕುತ್ತಿದ್ದ — ಇದನ್ನು ಏನು ಮಾಡಲಿ?

ಹೇಳಿಬಿಟ್ಟೆ. ಅರ್ಧ ಒನ್-ಫಾರ್ಟಿ ಬೆರೆಸಿದ್ದೆ, ಊಟದ ಹೊತ್ತಿನಲ್ಲಿ, ಭಾವನಿಗೂ ತಿಳಿಸದೆ. ಟ್ರೇಯಲ್ಲಿದ್ದದ್ದು ಅದೇ ಎಂದು ಗೊತ್ತಿದ್ದೂ ಹಾಗಂದೆ. ಅವನು ಟ್ಯೂಬು ಉಜ್ಜುವುದನ್ನು ನಿಲ್ಲಿಸಲಿಲ್ಲ. ಉಜ್ಜುತ್ತಲೇ ಕೇಳಿದ, “ಹಂಗಾದ್ರೆ ಬೇರಿಂಗ್ ನಾನು ಸರಿಯಾಗೇ ಕೂರ್ಸಿದ್ನಾ?”

ಹೌದು ಅನ್ನಬಹುದಿತ್ತು. ಅಂದಿದ್ದರೆ ಅವನಿಗೆ ನೆಮ್ಮದಿ ಸಿಗುತ್ತಿತ್ತು, ನನಗೂ. ಆದರೆ ಇನ್ನೊಂದು ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಗೆ ಹೇಳಲಿ?

“ಗೊತ್ತಿಲ್ಲ ತಿಪ್ಪೇಸ್ವಾಮಿ,” ಅಂದೆ.

“ಇದನ್ನೇ ಆವತ್ತು ಅಂದಿದ್ರೆ ಸಾಕಿತ್ತಲ್ಲಣ್ಣ.” ದನಿ ಏರಿಸಲಿಲ್ಲ. ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಬರುತ್ತದೆಯೇ ನೋಡಿದ. “ಹೋಗಿ, ಬಸ್ಸು ಬತ್ತಾ ಐತೆ.”

ಭಾವನಿಗೂ ಹೇಳಿದೆ. ಹಳೆಯದನ್ನೆಲ್ಲ ಈಗ ಯಾಕೆ ಕೆದಕುತ್ತೀಯ, ಕಾರು ಮಾರಿ ಯಾವ ಕಾಲವಾಯಿತು ಅಂದರು. ಅಕ್ಕ ಎದ್ದು ಒಳಗೆ ಹೋದಳು. ಅವರಿಬ್ಬರಿಗೆ ಹೇಳಿದ್ದು ಸಾಲದು ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ಬುದ್ಧಿ ಹೇಳುವ ಚಟ ನನ್ನನ್ನು ಬಿಟ್ಟಿಲ್ಲ. ಹಳೆಯ ಕಾರು ಇಟ್ಟುಕೊಂಡವರು ಇಷ್ಟು ಕೇಳಿ. ಕಾರಿನ ಪುಸ್ತಕದಲ್ಲಿ ಯಾವ ಆಯಿಲ್ ಹೇಳಿದೆಯೋ ಅದನ್ನೇ ಹಾಕಿ. ಎಂಜಿನ್ ಸವೆದು ಎಣ್ಣೆ ಕುಡಿಯುತ್ತಿದ್ದರೆ, ಹೊಗೆ ಬಿಡುತ್ತಿದ್ದರೆ, ಟ್ವೆಂಟಿ-ಫಾರ್ಟಿಯಿಂದ ಟ್ವೆಂಟಿ-ಫಿಫ್ಟಿಗೆ ಹೋಗಿ, ಅದೂ ಮೆಕ್ಯಾನಿಕ್ಕನ್ನು ಕೇಳಿ. ಅದಕ್ಕಿಂತ ದಪ್ಪ ಬೇಡ. ಗೇರ್ ಆಯಿಲನ್ನು ಎಂಜಿನ್ನಿಗೆ ಎಂದೂ ಬೆರೆಸಬೇಡಿ. ಅದರ ನಂಬರಿನ ಲೆಕ್ಕವೇ ಬೇರೆ, ಎಂಜಿನ್ ಆಯಿಲ್ ನಂಬರಿನ ಪಕ್ಕದಲ್ಲಿ ಇಟ್ಟು ಹೋಲಿಸಲು ಬರುವುದಿಲ್ಲ. ಸದ್ದು ಅಡಗಿತು ಎಂದರೆ ರೋಗ ಹೋಯಿತು ಎಂದಲ್ಲ. ಪ್ರೆಷರಿನ ಮುಳ್ಳು ಮೇಲೆ ನಿಂತಿತು ಎಂದು ಮೋಸ ಹೋಗಬೇಡಿ, ಎಣ್ಣೆ ದಪ್ಪಗಿದ್ದರೂ ಅದು ಮೇಲೆಯೇ ನಿಲ್ಲುತ್ತದೆ. ಚಳಿಯ ಬೆಳಿಗ್ಗೆ ಎಂಜಿನ್ ಸ್ವಲ್ಪ ಹೊತ್ತು ಸುಮ್ಮನೆ ಓಡಲಿ, ಆಮೇಲೆ ಹೊರಡಿ. ಹೊಸದಾಗಿ ಕಟ್ಟಿಸಿದ ಎಂಜಿನ್ ಆದರೆ, ಕಟ್ಟಿದವನನ್ನು ಕೇಳದೆ ಒಂದು ಹನಿಯನ್ನೂ ಸುರಿಯಬೇಡಿ. ಸುರಿದಿದ್ದರೆ ಇವತ್ತೇ ಹೋಗಿ ಅವನಿಗೆ ಹೇಳಿ.

ಕಲ್ಯಾಣದುರ್ಗದವರು ಇದನ್ನು ಓದುತ್ತಿದ್ದರೆ ಇನ್ನೊಂದು ಮಾತು. ಎಲ್ಲಾದರೂ ಆ ಅಂಬಾಸಿಡರ್ ಸುದ್ದಿ ಬಂದರೆ, ಎಣ್ಣೆ ಬೆರೆಸಿ ಸುಳ್ಳು ಹೇಳಿದವನು ಹಿಂದೂಪುರದ ನಾಗಭೂಷಣ ಎನ್ನಿ. ಬೇರಿಂಗಿನ ವಿಷಯ ಯಾರಾದರೂ ಕೇಳಿದರೆ, ಅದು ಆ ನಾಗಭೂಷಣನಿಗೂ ಗೊತ್ತಿಲ್ಲವಂತೆ ಎನ್ನಿ.